ಎಡಗಿವಿಯ ಶಾಂತಾ

ಹೈದರಾಬಾದಿಗೆ ಬಂದ ಮೂರನೆಯ ದಿನ ಶಾಂತಾ ನನ್ನ ಎಡಗಿವಿಯ ಹತ್ತಿರ ಕೆಮ್ಮಿದಳು. ಗಾಬರಿಯಾಗಿ ತಿರುಗಿದರೆ ಅಲ್ಲಿ ಫ್ರಿಜ್ಜು ನಿಂತಿತ್ತು. ಶಾಂತಾ ಇದ್ದದ್ದು ಧಾರವಾಡದಲ್ಲಿ. ಕೆಮ್ಮು ಬಂದದ್ದು ಹೆಡ್‌ಫೋನಿನಿಂದ.

ಅದು ಮೊಮ್ಮಗಳು ಸಿಂಧುವಿನ ಕಾರಭಾರ. ನನ್ನ ಮೊಣಕಾಲು ಕೆಟ್ಟಾಗ, ಈ ಊರಿನ ಬಾಲಾನಗರದ ಕಾರ್ಖಾನೆಯಲ್ಲಿರುವ ಮಗ ನನ್ನನ್ನು ಇಲ್ಲಿಗೆ ಕರೆತಂದ. ಹೊರಡುವ ಮುಂಚೆ, ನಮ್ಮ ಹೆಂಗಸರ ವಾದ್ಯವೃಂದದ ತಾಲೀಮಿನಲ್ಲಿ ಸಿಂಧು ನನ್ನ ಕುರ್ಚಿಯ ಮೇಲೆ ಒಂದು ಬೊಂಬೆಯ ತಲೆ ಕೂರಿಸಿದಳು. ಅದರ ಎರಡೂ ಕಿವಿಯೊಳಗೆ ಮೈಕು. ಕೂದಲೊಂದು ಬಿಟ್ಟರೆ ನನಗಿಂತ ಚೆಲುವೆ. ಆ ರೆಕಾರ್ಡಿಂಗ್ ಹಾಕಿಕೊಂಡರೆ ಅದೇ ಕುರ್ಚಿಯಲ್ಲಿ ಕೂತ ಹಾಗೆ: ಎಡಕ್ಕೆ ಶಾಂತಾಳ ಕೊಳಲು, ಬೆನ್ನ ಹಿಂದೆ ಕಸ್ತೂರಿಯ ತಬಲಾ, ಬಲಕ್ಕೆ ಆರು ಪಿಟೀಲು. ಏಳನೆಯದು ನನ್ನದು, ಅದನ್ನು ನಾನೇ ಮನೆಯಲ್ಲಿ ಕೂತು ತುಂಬಬೇಕು.

"ದಿನಾ ಇದರ ಜೋಡಿ ಬಾರ್ಸು ಅಜ್ಜಿ. ವರ್ಷದ ಕಾರ್ಯಕ್ರಮಕ್ಕ ಸೀದಾ ಹೋಗಿ ಕೂಡೂದಷ್ಟ," ಅಂದಳು. ಆ ಕುರ್ಚಿ ಉಳಿಯಬೇಕು ಅನ್ನುವ ಒಂದೇ ಆಸೆಯಿಂದ ಈ ಊರಲ್ಲಿ ದಿನ ತಳ್ಳಿದೆ.

ಧಾರವಾಡದಲ್ಲಿ ನಾನು ನುಡಿಸಿದರೆ ಪಕ್ಕದ ಮನೆಯವರು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಇಲ್ಲಿ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, "ಅಮ್ಮಾ, ಕೊಂಚೆಂ ಮೆಲ್ಲಗಾ" ಅಂದರು. ಸ್ವಲ್ಪ ಮೆಲ್ಲಗೆ ಅಂತ. ನಾನು ಕಲಿತ ಮೊದಲ ತೆಲುಗು ಅದೇ. ಪಿಟೀಲಿಗೆ ರಬ್ಬರಿನ ಕ್ಲಿಪ್ಪು ಹಾಕಿ ಬಾಯಿ ಮುಚ್ಚಿಸಿದೆ. ನನ್ನ ಬಾಯಿಗೂ ಇಲ್ಲಿ ಹೆಚ್ಚು ಕೆಲಸವಿಲ್ಲ. ಹಿಮಾಯತ್‌ನಗರದಲ್ಲಿ ಹಿಂದಿ, ತೆಲುಗು, ಕೈಸನ್ನೆ ಮೂರನ್ನೂ ಕಲಸಿ ಪಿಟೀಲಿನ ತಂತಿ ಕೊಂಡ ದಿನ ಮಾತ್ರ ರಾಣಿಯ ಹಾಗೆ ಮನೆಗೆ ಬಂದೆ.

ನಾವು ನುಡಿಸುವ ಹಾಡಿನ ಮೂರನೆಯ ತಿರುವಿನಲ್ಲಿ ಶಾಂತಾ ಯಾವಾಗಲೂ ತಡ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ತಾಳದ ಅರ್ಧ ಮಾತ್ರೆ ಹೋಗಿರುತ್ತದೆ. ಪಕ್ಕದ ನಾನು ಕಾದು ಅವಳ ಜೊತೆಗೇ ಹೊರಡುತ್ತಿದ್ದೆ. ಇಬ್ಬರೂ ಕೂಡಿ ತಡಮಾಡಿದರೆ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಹೆಡ್‌ಫೋನಿನಲ್ಲೂ ಹನ್ನೊಂದು ತಿಂಗಳು ಹಾಗೇ ಕಾದೆ.

ವರ್ಷದ ಕಾರ್ಯಕ್ರಮಕ್ಕೆ ಕಾಚಿಗೂಡದಲ್ಲಿ ಧಾರವಾಡದ ರೈಲು ಹತ್ತಿದೆ. ಅದು ತಡವಾಗಿ ತಾಲೀಮು ತಪ್ಪಿತು, ನನಗೆ ಚಿಂತೆಯಿರಲಿಲ್ಲ. ವೇದಿಕೆಯ ಮೇಲೆ ನನ್ನ ಕುರ್ಚಿ ಖಾಲಿ ಇಟ್ಟಿದ್ದರು. ಮೂರನೆಯ ತಿರುವು ಬಂತು. ಕಾದೆ. ಶಾಂತಾ ಸರಿಯಾದ ಹೊತ್ತಿಗೆ ಹೊರಟುಬಿಟ್ಟಳು. ತುಂಬಿದ ಸಭೆಯೆದುರು ನನ್ನ ಪಿಟೀಲೊಂದೇ ಎಲ್ಲರ ಹಿಂದೆ ಓಡಿತು.

"ಹೈದರಾಬಾದಿನವ್ರು ನೋಡ್ರೆವಾ, ನವಾಬರ ನಡಗಿ!" ಅಂದಳು ಕಸ್ತೂರಿ, ಪರದೆ ಬಿದ್ದ ಮೇಲೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

"ಏನ ಶಾಂತಾ, ಎಂದಿನಿಂದ ಹೊತ್ತಿಗೆ ಬರಾಕತ್ತಿ?" ಅಂದೆ.

"ನೀ ಹೋದ ಮ್ಯಾಲೆ ನನಗ ಕಾಯಾವ್ರು ಯಾರದಾರ? ಕಲಿಬೇಕಾತು."

"ಹೊಸಾದು ರೆಕಾರ್ಡ್ ಮಾಡ್ಸೋಣೇನು?" ಅಂತ ಸಿಂಧು ಕೇಳಿದಳು. ಬೇಡ ಅಂದೆ.

ಈಗಲೂ ಸಂಜೆ ಹಳೆಯದನ್ನೇ ಹಾಕಿಕೊಳ್ಳುತ್ತೇನೆ. ಫ್ರಿಜ್ಜಿನ ಕಡೆಯಿಂದ ಶಾಂತಾ ಕೆಮ್ಮುತ್ತಾಳೆ. ಮೂರನೆಯ ತಿರುವಿನಲ್ಲಿ ಇಬ್ಬರೂ ಕೂಡಿಯೇ ತಡಮಾಡುತ್ತೇವೆ. ಕೆಳಗಿನ ಮನೆಗೂ ಕೇಳಿಸುವುದಿಲ್ಲ, ಧಾರವಾಡಕ್ಕೂ ಕೇಳಿಸುವುದಿಲ್ಲ.