ಯುಗಾದಿಯ ಒಬ್ಬಟ್ಟು ತಂದ ಭಯ

2011ರಲ್ಲಿ ನಾನು ಲಗ್ಗೆರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಷಿಯನ್ ಆಗಿದ್ದೆ. ಗದಗದ ಕಡೆಯ ಸವಿತಾ ಎಂಬ ಹುಡುಗಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಮಷೀನ್ ಮುಂದೆಯೇ ಕುಸಿದು ನಮ್ಮಲ್ಲಿಗೆ ಬಂದಳು. ಎಲುಬಿನ ಹಂದರ. ಆದರೂ "ನಾ ಭಾಳ ದಪ್ಪ ಅದೀನ್ರಿ" ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಡಬ್ಬಿಯ ಊಟವನ್ನು ಬೇರೆಯವರಿಗೆ ಕೊಟ್ಟಿದ್ದಳಂತೆ. ಸೈಕಿಯಾಟ್ರಿಸ್ಟ್ ನೋಡಿ ಅನೊರೆಕ್ಸಿಯಾ ಎಂದರು. ದಪ್ಪಗಾಗುವ ಭಯಕ್ಕೆ ಅನ್ನ ಬಿಡಿಸುವ ಕಾಯಿಲೆ ಅದು.

ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಸರ್ರನೆ ಇಳಿದು ಹೃದಯವೇ ನಿಲ್ಲಬಹುದು. ಇದು ರೀಫೀಡಿಂಗ್ ಸಿಂಡ್ರೋಮ್. ಹಾಗಾಗಿ ಚಮಚದ ಲೆಕ್ಕದಲ್ಲಿ ಗಂಜಿ ಶುರು ಮಾಡಿದೆವು.

ಅಷ್ಟರಲ್ಲಿ ಯುಗಾದಿ ಬಂತು, ನನಗೆ ರಜೆ. ಮರುದಿನ ಬೆಳಿಗ್ಗೆ ಸವಿತಾಳ ಬಾಡಿಗೆ ರೂಮಿನ ಓನರ್ ಜಯಮ್ಮ ವಾರ್ಡಿನ ಬಾಗಿಲಲ್ಲೇ ನನ್ನನ್ನು ಹಿಡಿದರು.

"ತಿಂದ್ಲು ಡಾಕ್ಟ್ರಮ್ಮ! ಅಬ್ಬದ್ ದಿನಾನೂ ಮಗು ಗಂಜಿ ಕುಡೀಬೇಕಾ? ತುಪ್ಪ ಆಕಿ ಒಬ್ಬಟ್ಟು ತಿನ್ಸಿದೆ. ಮೂರು ಒತ್ತೂ! ಬೇಡ ಅಂದ್ರೂ ಬಿಡ್ಲಿಲ್ಲ!"

ಬೇಡವೆಂದವರ ಎಲೆಗೆ ಇನ್ನೊಂದು ಬಡಿಸುವುದೇ ನಮ್ಮಲ್ಲಿ ಪ್ರೀತಿ. ಸಿಸ್ಟರ್‌ಗಳೂ ನಗುತ್ತಿದ್ದರು. ಅಯ್ಯೋ ದೇವರೇ, ಮೂರು ಹೊತ್ತು! ಹಾಸಿಗೆಯತ್ತ ಓಡಿದೆ.

ಸವಿತಾ ಏದುಸಿರು ಬಿಡುತ್ತಿದ್ದಳು. ಪಾದ ಊದಿತ್ತು, ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ನಮ್ಮಲ್ಲಿ ಐಸಿಯು ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸ್ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಮಾನಿಟರ್ ಕೂಗಿದಾಗಲೆಲ್ಲ ಅವಳ ನಾಡಿ ಹಿಡಿದು ನೋಡುತ್ತಿದ್ದೆ.

"ನಾನೇ ಕೊಂದ್ಬಿಟ್ನಾ?" ಎಂದು, ವಿಷಯ ತಿಳಿದು ಜೊತೆಗೆ ಬಂದಿದ್ದ ಜಯಮ್ಮ ಸೆರಗು ಕಚ್ಚಿ ಅಳುತ್ತಿದ್ದರು.

ಸವಿತಾ ಕಣ್ಣು ತೆರೆದಳು. "ಡಾಕ್ಟ್ರ, ನಾ ಉಂಡಿದ್ದ ತಪ್ಪಾತೇನ್ರಿ?"

ಆಗ ನಿಜವಾಗಿ ಹೆದರಿದೆ. ಹೌದೆಂದರೆ, ಇವತ್ತು ಬದುಕಿದರೂ ಇವಳು ಮತ್ತೆ ಉಣ್ಣಲಾರಳು. 'ಜಾಸ್ತಿ ತಿಂದೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಇಲ್ಲ ಕಣಮ್ಮ. ಉಂಡಿದ್ದು ಒಳ್ಳೇದೇ ಆಯ್ತು. ಒಂಚೂರು ಅವಸರ ಆಯ್ತು, ಅಷ್ಟೇ."

ಐಸಿಯುನಲ್ಲಿ ಫಾಸ್ಫೇಟ್ ಡ್ರಿಪ್ ಹಾಕಿ ಅವಳನ್ನು ಉಳಿಸಿಕೊಂಡರು. ಮನಸ್ಸಿನ ಚಿಕಿತ್ಸೆ ಬಹಳ ಕಾಲ ನಡೆಯಿತು. ವೈದ್ಯರಿಗೆ ಎಷ್ಟೇ ಹೆದರಿಕೆಯಾದರೂ ಅದು ರೋಗಿಯ ತಟ್ಟೆಗೆ ಬೀಳಬಾರದು ಎಂಬುದನ್ನು ನಾನು ಕಲಿತದ್ದು ಆ ಸಿಗ್ನಲ್‌ನಲ್ಲಿ.

ಕೆಲವು ವಾರಗಳ ನಂತರ ಅವಳನ್ನು ನೋಡಲು ರೂಮಿಗೆ ಹೋದಾಗ ಜಯಮ್ಮ ಚಮಚದಲ್ಲಿ ಅಳೆದು ಅನ್ನ ಬಡಿಸುತ್ತಿದ್ದರು.

"ಇನ್ನೊಂದ್ ಹಾಕ್ರಿ, ಆಂಟಿ" ಎಂದಳು ಸವಿತಾ.

ಜಯಮ್ಮನ ಕೈ ಅಲ್ಲೇ ನಿಂತಿತು. ಗಾಬರಿಯಿಂದ ನನ್ನ ಮುಖ ನೋಡಿದರು.

"ಹಾಕಿ ಜಯಮ್ಮ, ಭಯ ಬೇಡ" ಎಂದೆ. ಭಯ ನನಗೂ ಇತ್ತು.