ಅಂಗೈ ಚಾಚಿದ ಅಜ್ಜಿ ಮತ್ತು ಮಗಳ ಎರಡನೇ ಅರ್ಜಿ

ಶರಣ ಬಂಧುಗಳೇ, ನಿಮ್ಮಲ್ಲಿ ಯಾರ ಮಕ್ಕಳಾದರೂ ಮೆಡಿಕಲ್ ಸೀಟು ಸಿಗದೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರೆ ಈ ಮಾತು ಮೊದಲು ಅವರಿಗೆ. ನಮ್ಮ ಮನೆಯಲ್ಲೂ ಆ ಬಾಗಿಲು ತಿಂಗಳುಗಟ್ಟಲೆ ಮುಚ್ಚಿತ್ತು.

ನಾವಿರುವುದು ಹಡರ್ಸ್‌ಫೀಲ್ಡ್‌ನಲ್ಲಿ. ಮೂಲ ಗದಗದ ಕಡೆ. ನಮ್ಮವರು ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರ್. ನನ್ನದು ಪರದೆ ಬಟ್ಟೆಯ ಅಂಗಡಿ. ಮಾರ್ಕೆಟ್ಟಿನಲ್ಲಿ ಒಂದು ಮೇಜು ಹಾಕಿ ಶುರು ಮಾಡಿದವಳು ನಾನು. ಚೌಕಾಸಿ ಮಾಡದೆ ಒಂದು ಥಾನು ಬಟ್ಟೆಯನ್ನೂ ಒಳಗೆ ತಂದವಳಲ್ಲ.

ಒಬ್ಬಳೇ ಮಗಳು, ಸಂಜನಾ. ಈ ದೇಶದಲ್ಲಿ ಡಾಕ್ಟರ್ ಆಗಬೇಕೆನ್ನುವವರು ವರ್ಷಕ್ಕೆ ನಾಲ್ಕೇ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ನಾಲ್ಕೂ ಇಲ್ಲ ಅಂದವು. ಎರಡು ಸಂದರ್ಶನಕ್ಕೇ ಕರೆಯಲಿಲ್ಲ. ಇನ್ನೆರಡು ಕರೆದು, ಆಮೇಲೆ ಇಲ್ಲ ಅಂದವು. ಕೊನೆಯದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಂತು. ಅವಳು ಫೋನು ನನ್ನ ಮುಂದೆ ಹಿಡಿದಳು, ನಾನು ಓದಿದೆ, ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಒಲೆಯ ಮೇಲಿದ್ದ ಬೇಳೆಗೆ ಒಗ್ಗರಣೆ ಹಾಕಿದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಅಂಗಡಿಗೆ ಹೋದೆ, ಅಳತೆ ತೆಗೆದುಕೊಂಡೆ, ಗಿರಾಕಿಗಳ ಜೊತೆ ನಕ್ಕೆ. ಎಲ್ಲ ಬೇರೆ ಯಾರೋ ಮಾಡಿದ ಹಾಗೆ ನಡೆಯುತ್ತಿತ್ತು.

ಆ ಮೊದಲ ಅರ್ಜಿಯನ್ನು ಗಟ್ಟಿ ಮಾಡಿದ್ದೆ ಅಂತ ನನಗೆ ಬಲವಾದ ನಂಬಿಕೆಯಿತ್ತು. ನಮ್ಮ ಕನ್ನಡದವರ ಕೂಟದಲ್ಲಿ ಊಟದ ತಟ್ಟೆ ಹಿಡಿದು ನಿಂತರೆ ಎಡಕ್ಕೊಬ್ಬರು ಡಾಕ್ಟರು, ಬಲಕ್ಕೊಬ್ಬರು ಡಾಕ್ಟರು. ಲೀಡ್ಸ್‌ನ ಹೃದಯದ ಅಂಕಲ್, ನಾಟಿಂಗ್‌ಹ್ಯಾಮ್‌ನ ಮೂಳೆಯ ಅಂಕಲ್, ಅವರ ತಂಗಿಯ ಗಂಡ ಮಕ್ಕಳ ಡಾಕ್ಟರು. ಹೋಳಿಗೆ ಬಡಿಸುತ್ತಲೇ, ಮಗಳನ್ನು ಒಂದೊಂದು ವಾರ ಆಸ್ಪತ್ರೆಯಲ್ಲಿ ಜೊತೆಗಿಟ್ಟುಕೊಳ್ಳುವಂತೆ ಒಬ್ಬೊಬ್ಬರಿಂದ ಮಾತು ತೆಗೆದುಕೊಂಡಿದ್ದೆ. ಮಗಳು ಅವರ ಹಿಂದೆ ನಿಂತು ನೋಡಿಬಂದಳು, ನೋಡಿದ್ದನ್ನೆಲ್ಲ ಅರ್ಜಿಯಲ್ಲಿ ಬರೆದಳು. ಸೀಟು ಇಲ್ಲವೆಂದ ಮೇಲೆ ಕಾರಣ ಕೇಳಿ ಬರೆಸಿದೆ. ನೀವೂ ಬರೆಸಿ, ಕೆಲವು ಕಾಲೇಜುಗಳು ಹೇಳುತ್ತವೆ. ಒಂದು ಕಾಲೇಜು ಹೇಳಿತು: ಇವಳು ತುಂಬ ನೋಡಿದ್ದಾಳೆ, ರೋಗಿಯ ಹತ್ತಿರ ಹೋಗಿ ತಾನೇನು ಮಾಡಿದಳು, ಅದರಿಂದ ಏನು ಕಲಿತಳು ಅನ್ನುವುದು ನಮಗೆ ಕಾಣಲಿಲ್ಲ.

ದೇವರ ಹತ್ತಿರವೂ ನನ್ನದು ಅದೇ ವ್ಯಾಪಾರ. ನಮ್ಮದು ಇಷ್ಟಲಿಂಗದ ಮನೆತನ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ವಿಭೂತಿ ಪತ್ರೆ ಏರಿಸಿ, ಅದರಲ್ಲೇ ದೃಷ್ಟಿ ನೆಟ್ಟು ಕೂರುತ್ತೇವೆ. ಹಾಗೆ ಕೂತು ನಾನು ಕೇಳುತ್ತಿದ್ದುದು ಒಂದೇ. ಸೀಟು ಕೊಡು, ದಾಸೋಹ ಮಾಡಿಸುತ್ತೇನೆ. ಒಂದು ಕಾಲೇಜು ಇಲ್ಲ ಅಂದಾಗ ದಾಸೋಹ ದೊಡ್ಡದಾಯಿತು. ಇನ್ನೊಂದು ಇಲ್ಲ ಅಂದಾಗ ಊರಿನ ಮಠಕ್ಕೂ ಹರಕೆ ಹೊತ್ತೆ. ನಮ್ಮವರು ಕೇಳಿ ಕೇಳಿ ಒಂದು ದಿನ ಅಂದರು, "ಸಾಕ್ ಮಾಡ. ದೇವ್ರಂದ್ರ ನಿನಗ ಬಟ್ಟಿ ಕೊಡೋ ಹೋಲ್‌ಸೇಲ್ ಅಂಗಡಿಯಾಂವ ಅಂತ ತಿಳಿದೀ ಏನ?" ನಾಲ್ಕನೆಯದೂ ಹೋದ ಮೇಲೆ ಏರಿಸಲು ಏನೂ ಉಳಿಯಲಿಲ್ಲ. ಪೂಜೆ ಬಿಡಲಿಲ್ಲ. ಕೂರುತ್ತಿದ್ದೆ, ನೋಡುತ್ತಿದ್ದೆ, ಏಳುತ್ತಿದ್ದೆ. ಒಳಗೆ ಮಾತಿರಲಿಲ್ಲ.

ಬೇಸಿಗೆಯ ನಡುವೆ ಒಂದು ದಿನ ಸಂಜನಾ ಕೆಳಗಿಳಿದು ಬಂದು, ಇನ್ನೊಂದು ಸಲ ಹಾಕುತ್ತೇನೆ, ಈ ಸಲ ಯಾವ ಅಂಕಲ್‌ಗೂ ಫೋನ್ ಮಾಡಬೇಡ ಅಂದಳು. ಎರಡನೇ ಸಲ ಹಾಕುವವರು ಕೇಳಿ. ಮೆಡಿಕಲ್ ಪ್ರವೇಶಕ್ಕೆ ಬರೆಯುವ ಯುಕ್ಯಾಟ್ ಪರೀಕ್ಷೆಯ ಹಳೆಯ ಅಂಕ ಮರುವರ್ಷ ನಡೆಯುವುದಿಲ್ಲ, ಮತ್ತೆ ಬರೆಯಬೇಕು. ಅಂಕ ಕೈಗೆ ಬಂದ ಮೇಲೆಯೇ ಕಾಲೇಜು ಆರಿಸಿ, ಹೆಸರು ನೋಡಿ ಆರಿಸಬೇಡಿ. ಮರು ಅರ್ಜಿ ತೆಗೆದುಕೊಳ್ಳುತ್ತೀರಾ ಅಂತ ಕಾಲೇಜಿಗೆ ಮೊದಲೇ ಕೇಳಿ. ಹೋದ ವರ್ಷದ ಬರಹಕ್ಕೆ ತೇಪೆ ಹಾಕಬೇಡಿ, ಹೊಸದಾಗಿ ಬರೆಯಿಸಿ. ಮತ್ತೆ, ಕೈಯಿಂದ ಮಾಡುವ ಕೆಲಸ ಹಿಡಿಸಿ.

ಆ ಕೆಲಸವನ್ನು ಅವಳೇ ಹುಡುಕಿದಳು. ಮನೆಯಿಂದ ಒಂದೇ ಬಸ್ಸಿನ ದಾರಿಯ ಒಂದು ಕೇರ್ ಹೋಮ್. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಉಣ್ಣಿಸುವುದು. ಬೆಳಕು ಹರಿಯುವ ಮೊದಲೇ ಹೊರಡುವಳು, ಬಂದು ಮಲಗುವಳು. ಅಕ್ಟೋಬರಿನಲ್ಲಿ ಅರ್ಜಿ ಹೋಯಿತು.

ನವೆಂಬರಿನ ಒಂದು ಬೆಳಿಗ್ಗೆ, ಅವಳಿಗೆ ಮಧ್ಯಾಹ್ನದ ಪಾಳಿ ಇದ್ದ ದಿನ, ನಾನು ಪೂಜೆಗೆ ಕೂತಿದ್ದೆ. ಕಣ್ಣೆತ್ತಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಚಿಕ್ಕಂದಿನಿಂದ ಅವಳು ಅಲ್ಲಿ ನಿಂತವಳೇ ಅಲ್ಲ. ನನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಮಮ್ಮಿ, ಇದನ್ನ ಮಾಡದೇ ಇದ್ರೆ ನೀನು ತಿಂಡಿ ತಿಂತೀಯಾ?"

ನಮ್ಮ ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುವವಳು. ಅವತ್ತು ಕನ್ನಡದಲ್ಲೇ ಕೇಳಿದಳು.

"ನೀರೂ ಕುಡ್ಯಂಗಿಲ್ಲ," ಅಂದೆ. "ಯಾಕವಾ?"

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೆಸರು ಹೇಳುವ ಹಾಗಿಲ್ಲ ಅಂತ ಮೊದಲೇ ಹೇಳಿ, ಆಮೇಲೆ ಹೇಳಿದಳು. ಹೋಮಿಗೆ ನಮ್ಮ ಕಡೆಯ ಒಬ್ಬ ಅಜ್ಜಿ ಬಂದಿದ್ದಾರೆ. ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿವೆ. ನುಂಗಲು ತೊಂದರೆಯಿಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ಆದರೂ ಬೆಳಿಗ್ಗೆ ಬಾಯಿ ತೆರೆಯುವುದಿಲ್ಲ. ಮಧ್ಯಾಹ್ನವೂ ಅಷ್ಟೇ. ಬಲವಂತ ಮಾಡಿದರೆ ಒಂದೆರಡು ಚಮಚೆ. ದಿನದಿನಕ್ಕೆ ಕರಗುತ್ತಿದ್ದಾರೆ. ಎಡಗೈ ಮಾತ್ರ ಎದೆಯ ಮಟ್ಟಕ್ಕೆ ಎತ್ತಿ ಅಂಗೈ ಚಾಚುತ್ತಾರೆ. ಏನೋ ಕೇಳುತ್ತಿದ್ದಾರೆ ಅಂತ ಎಲ್ಲರೂ ಅಂಗೈಯಲ್ಲಿ ಬಿಸ್ಕೆಟ್ ಇಡುತ್ತಾರೆ, ಚಮಚೆ ಇಡುತ್ತಾರೆ. ಅಜ್ಜಿ ಅದನ್ನು ಕೆಳಗೆ ಹಾಕಿ ಮತ್ತೆ ಚಾಚುತ್ತಾರೆ.

ನನ್ನ ಕೈಯಲ್ಲಿ ಲಿಂಗ ಇನ್ನೂ ಇತ್ತು. ಈ ಸುತ್ತಿನಲ್ಲಿ ನಮ್ಮ ಪೈಕಿ ಮಹಾ ಎಷ್ಟು ಮನೆಗಳಿವೆ? ಎರಡು ಫೋನ್ ಮಾಡಿದರೆ ಯಾರ ತಾಯಿ ಅಂತ ಗೊತ್ತಾಗುತ್ತಿತ್ತು. ಮಾಡಲೇ ಅಂದೆ. ಬೇಡ, ಅದು ನನ್ನ ಕೆಲಸ ಅಂದಳು.

ಅವತ್ತೇ ಹೋಗಿ, ಅಜ್ಜಿ ಕೇಳುತ್ತಿರುವುದು ತಮ್ಮ ಲಿಂಗವನ್ನಿರಬೇಕು ಅಂತ ನರ್ಸಿಗೆ ತಿಳಿಸಿದಳು. ನರ್ಸ್ ಅಜ್ಜಿಯ ಮಗನಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲೇ ಕೊರಳಿನ ದಾರ ಉರುಳಾದೀತೆಂದು ತೆಗೆದು ಕೊಟ್ಟಿದ್ದರಂತೆ, ಲಿಂಗ ಅವರ ಮನೆಯ ದೇವರ ಜಗುಲಿಯ ಮೇಲಿತ್ತು. ಅಮ್ಮನಿಗೆ ಇನ್ನು ಇದೆಲ್ಲ ಎಲ್ಲಿ ತಿಳಿಯುತ್ತದೆ ಅಂದುಕೊಂಡಿದ್ದರಂತೆ. ಮಾರನೆಯ ದಿನ ತಂದುಕೊಟ್ಟರು. ಸಂಜನಾ ಒಂದು ಬಟ್ಟಲು ನೀರು, ನಾನು ಕಟ್ಟಿಕೊಟ್ಟ ವಿಭೂತಿ ಇಟ್ಟು, ಅಜ್ಜಿಯ ಅಂಗೈಯಲ್ಲಿ ಲಿಂಗವಿಟ್ಟು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಅಜ್ಜಿ ನೋಡಿದರು. ಆಮೇಲೆ ಒಂದು ಬಟ್ಟಲು ಗಂಜಿ ಪೂರ್ತಿ ಉಂಡರು.

ಇದನ್ನು ಕೇಳಿ ನಾನು ಮೊದಲು ಏನು ಹೇಳಿದೆ ಗೊತ್ತೇ? ಸಂದರ್ಶನದಲ್ಲಿ ಇದನ್ನೇ ಮೊದಲು ಹೇಳು, ಇಂಥ ಕಥೆ ಬೇರೆ ಯಾರ ಹತ್ತಿರವೂ ಇರುವುದಿಲ್ಲ ಅಂದೆ. ಅವಳು ನನ್ನನ್ನೇ ನೋಡಿದಳು.

"ಮಮ್ಮಿ, ಆ ಅಜ್ಜಿ ನನ್ನ ಅರ್ಜಿಗೆ ಬಂದವರಲ್ಲ."

ನನಗೆ ಒಳಗೊಳಗೆ, ಈ ಹುಡುಗಿ ಕೈಗೆ ಬಂದದ್ದನ್ನು ಬಿಟ್ಟುಕೊಡುತ್ತಿದ್ದಾಳೆ ಅನ್ನಿಸಿತು.

ಆ ವರ್ಷ ಒಂದೇ ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು, ಬರ್ಮಿಂಗ್‌ಹ್ಯಾಮ್ ಕಡೆಯದು. ಜನವರಿಯಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೈಲು ಬದಲಿಸಿ ಹೋದೆವು. ಇದೂ ಹೋದರೆ ಮೂರನೇ ಸಲ ಹಾಕುವುದಿಲ್ಲ ಅಂತ ದಾರಿಯಲ್ಲಿ ಹೇಳಿದಳು. ನಾನು ಹೊರಗಿನ ಕಾಫಿ ಅಂಗಡಿಯಲ್ಲಿ ಕೂತೆ. ದೇವರಿಗೆ ಏನಾದರೂ ಹೇಳೋಣವೆಂದರೆ ಬಾಯಿಗೆ ಏನೂ ಬರಲಿಲ್ಲ. ಹೊರಗೆ ಬಂದಾಗ ಅವಳ ಮುಖ ಹೋದ ವರ್ಷದಂತೆಯೇ ಇತ್ತು. ಕೇಳಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವಳಾಗಿಯೇ ಹೇಳಿದಳು. ಈ ಸಂದರ್ಶನದಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸುತ್ತಾರೆ. ಒಂದರಲ್ಲಿ ನಟನೊಬ್ಬ ರೋಗಿಯ ಹಾಗೆ ಕೂತಿರುತ್ತಾನೆ. ಅವಳ ಪಾಲಿಗೆ ಬಂದವನು ಆಸ್ಪತ್ರೆಯ ಊಟ ಮುಟ್ಟದ, ಸಿಡುಕುವ ಮುದುಕ. ಊಟ ಯಾಕೆ ಬೇಕು ಅಂತ ಅವನಿಗೆ ತಿಳಿಸಿ ಹೇಳುವುದು ಹೋದ ವರ್ಷದ ಅಭ್ಯಾಸ. ಈ ಸಲ ಇವಳು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದಳಂತೆ, ಮನೆಯಲ್ಲಿ ಬೆಳಿಗ್ಗೆ ಎದ್ದು, ತಿನ್ನುವ ಮೊದಲು ನೀವು ಏನೇನು ಮಾಡುತ್ತೀರಿ? ಆ ಮನುಷ್ಯ ಸಿಡುಕು ಬಿಟ್ಟು ಮಾತಾಡಿದನಂತೆ. ಅಜ್ಜಿಯ ಸುದ್ದಿ ಯಾವ ಕೋಣೆಯಲ್ಲೂ ಎತ್ತಲಿಲ್ಲವಂತೆ.

ಮಾರ್ಚಿನಲ್ಲಿ ಅಂಗಡಿಗೆ ಬಂದು ಫೋನು ತೋರಿಸಿದಳು. ಸೀಟು ಕೊಟ್ಟಿದ್ದರು. ನಾನು ಒಂದು ಉದ್ದದ ಬಟ್ಟೆಯನ್ನು ಅರ್ಧ ಕತ್ತರಿಸಿದ್ದೆ. ಅಂಚು ಮುಟ್ಟುವವರೆಗೆ ಕತ್ತರಿಸಿ, ಕತ್ತರಿ ಕೆಳಗಿಟ್ಟು, ಇನ್ನೊಮ್ಮೆ ಓದಿದೆ. ಮಗಳು ಅತ್ತಳು. ನನಗೆ ಏನೂ ಆಗಲಿಲ್ಲ. ನಮ್ಮವರು ಪೇಡೆ ತಂದರು, ದಾಸೋಹವಾಯಿತು, ಎಲ್ಲರೂ ಹರಸಿದರು. ನಾನು ನೀರಿನ ಅಡಿಯಲ್ಲಿ ಕೂತು ಕೇಳಿಸಿಕೊಂಡ ಹಾಗಿತ್ತು.

ಈಗಲಾದರೂ ಕೆಲಸ ಬಿಟ್ಟು ಆರಾಮವಾಗಿರು ಅಂದೆ. ಕೇಳದೆ, ಕಾಲೇಜು ಶುರುವಾಗುವ ಸೆಪ್ಟೆಂಬರಿನವರೆಗೂ ಹೋದಳು. ಜೊತೆಯವರಿಗೆ ಅಂಗೈಯಲ್ಲಿ ಲಿಂಗ ಇಡುವುದನ್ನು ಕಲಿಸಿದ್ದಳು, ಆದರೆ ಬೆಳಗಿನ ಗಡಿಬಿಡಿಯಲ್ಲಿ ಅಷ್ಟು ಹೊತ್ತು ಕೂರಲು ಯಾರಿಗೂ ಬಿಡುವಿಲ್ಲ. ಅದೊಂದೇ ಅವಳ ಚಿಂತೆ. "ಬಿಡಾ, ನಾ ಹೋಗ್ತೀನಿ," ಅಂದೆ. ಬಾಯಿಂದ ಹೇಗೆ ಬಂತೋ ತಿಳಿಯದು. ಅಜ್ಜಿಯ ಮಗ ಒಪ್ಪಿದರು. ಹೋಮಿನವರು ಪೊಲೀಸ್ ತಪಾಸಣೆ ಮುಗಿಸಿ ಒಪ್ಪಿಗೆ ಕೊಟ್ಟರು. ಅಂಗಡಿ ಈಗ ಸ್ವಲ್ಪ ತಡವಾಗಿ ತೆರೆಯುತ್ತದೆ.

ಅಜ್ಜಿಯ ಹೆಸರು ನನಗೀಗ ಗೊತ್ತು, ಇಲ್ಲಿ ಬರೆಯುವುದಿಲ್ಲ. ಮೊದಲ ದಿನ ಅವರ ಅಂಗೈಯಲ್ಲಿ ಲಿಂಗವಿಟ್ಟು ನಾನು ಸುಮ್ಮನೆ ಕೂತೆ. ಕೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ, ಕೊಡುತ್ತೇನೆ ಅನ್ನುವುದಕ್ಕೂ ಇರಲಿಲ್ಲ. ಪೂಜೆ ಮುಗಿಯಿತು. ತಟ್ಟೆಯಲ್ಲಿ ಸುಲಿದ ಬಾಳೆಹಣ್ಣಿತ್ತು. ಅಜ್ಜಿ ಎಡಗೈಯಿಂದಲೇ ಒಂದು ತುಂಡು ಮುರಿದು, ತಾವು ತಿನ್ನದೆ ನನ್ನ ಕಡೆ ಚಾಚಿದರು. ಪ್ರಸಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಾಯಲ್ಲಿಟ್ಟಾಗ ಸಿಹಿ ಗೊತ್ತಾಯಿತು. ಅಲ್ಲೇ, ಆ ಕುರ್ಚಿಯ ಮೇಲೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಜ್ಜಿ ನನ್ನ ಅಳು ನಿಲ್ಲುವವರೆಗೆ ಕಾದು, ಆಮೇಲೆ ಉಂಡರು.

ಕೊಟ್ಟವನಿಗೆ ಶರಣು.