ಗಾಜಿನ ತಟ್ಟೆಯಲ್ಲಿ ಅಕ್ಕನ ನರಕೋಶ

ರಫೀಕ್ ಸೂಜಿ ತೆಗೆದದ್ದೇ ತಡ, ನಮ್ಮ ಶಾಂತಕ್ಕ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ. ನಾ ರಕ್ತ ಕೊಡಂಗಿಲ್ಲ."

ಮುಂಜಾನೆಯಷ್ಟೇ ಹ್ಞೂಂ ಅಂದಿದ್ದಳು! ಪಾಪ, ಈ ಲ್ಯಾಬ್ ಹುಡುಗ ಅದಕ್ಕಾಗಿಯೇ ತಿಕೋಟಾದಿಂದ ಕಳ್ಳಕವಟಗಿಯ ತನಕ ಬೈಕ್ ಹೊಡೆದುಕೊಂಡು ಬಂದಿದ್ದ. "ಇರುವಿ ಕಡದಂಗ ಆಕ್ಕೈತ್ರಿ ಯವ್ವಾ, ಅಷ್ಟ" ಅಂದ.

"ಚೇಳ ಕಡದರೂ ಅತ್ತಾಕಿ ಅಲ್ಲ ನಾ" ಎಂದು ಅವನನ್ನೇ ಗದರಿದಳು. ಹಾಗಾದರೆ ಹೆದರಿಕೆ ಯಾವುದರದು?

ವಿಷಯ ಇಷ್ಟು. ಅಕ್ಕನಿಗೆ ಪಾರ್ಕಿನ್ಸನ್. ಬಲಗೈ ನಡುಗುತ್ತದೆ, ರೊಟ್ಟಿ ಬಡಿಯುವುದು ನಿಂತಿದೆ. ಮಗಳು ದೀಪಾ ದೂರದ ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ. ರಕ್ತದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ ಕಾಂಡಕೋಶ ಮಾಡುವುದು (ಅಂದರೆ, ಮುಂದೆ ತಾನೇನಾಗಬೇಕೆಂದು ಇನ್ನೂ ಗೊತ್ತುಮಾಡಿಕೊಳ್ಳದ ಕೋಶ), ಅದರಿಂದ ನರಕೋಶ ಬೆಳೆಸುವುದು ಅವಳ ಕೆಲಸ. ಈ ಸಲ ತಾಯಿಯ ರಕ್ತ ತರಲು ಅವಳ ಗೈಡ್ ಒಪ್ಪಿದ್ದರು, ಅದಕ್ಕೆಂದೇ ಊರಿಗೆ ಬಂದಿದ್ದಳು.

ಅಕ್ಕನ ಹಿಂದೆಯೇ ಅಡಿಗೆಮನೆಗೆ ಹೋದೆ.

"ನನ್ನ ಜಡ್ಡ ತಾಟಿನ್ಯಾಗ ಹಾಕಿ ಬೆಳಸ್ತಾಳಂತ" ಅಂದಳು. "ನನಗ ಬಂದದ್ದ ಸಾಲಲಿಲ್ಲೇನ? ದಿನಾ ಅದನ್ನ ಮುಟ್ಟಾಕಿ ಅಕಿ. ಅಕಿಗಿ ಹತ್ತಿದರ?"

ದೀಪಾಗೆ ಹೇಳಿದೆ. ಅವಳು ನಗಲಿಲ್ಲ. ತಾಯಿಯ ಪಕ್ಕ ಬಂದು ಕೂತಳು.

"ಇದು ಮುಟ್ಟಿದರ ಹತ್ತೂ ಜಡ್ಡ ಅಲ್ಲಬೇ. ಒಂದು ನರಕೋಶ ಚೂರ ರಾಸಾಯನಿಕ ಬಿಡ್ತೈತಿ, ಬಾಜೂಕಿಂದು ಅದನ್ನ ಹಿಡೀತೈತಿ. ಅವು ಮಾತಾಡೂದು ಹಂಗ. ನಿನ್ನ ಕೋಶದಾಗ ಆ ಮಾತು ಎಲ್ಲಿ ತಪ್ಪಾಕತ್ತೈತಿ ಅಂತ ನೋಡಬೇಕು. ಅದಕ್ಕ ನಿನ್ನ ತಲಿ ತಗದು ನೋಡಾಕ ಬರ್ತೈತೇನ?"

"ನಿಮ್ಮಪ್ಪ ಲಗ್ನ ಆದಾಗಿಂದ ನನ್ನ ತಲ್ಯಾಗ ಏನೈತಿ ಅಂತ ಹುಡುಕಾಕತ್ತಾರ. ಅವರಿಗೇ ಸಿಕ್ಕಿಲ್ಲ!"

ಪಡಸಾಲೆಯಲ್ಲಿ ಭಾವ ಕೆಮ್ಮಿದ್ದು ಕೇಳಿಸಿತು.

ನಕ್ಕು ಮುಗಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಇದರಿಂದ ನನ್ನ ಕೈ ನೆಟ್ಟಗಾಕ್ಕೈತೇನ?"

ನಾವಾಗಿದ್ದರೆ ಏನು ಹೇಳುತ್ತಿದ್ದೆವು? "ಆಕ್ಕೈತಿ ಬಿಡು, ದೇವರದಾನ." ಹಾಸಿಗೆ ಪಕ್ಕ ನಿಂತು ನಾವೆಲ್ಲ ಹೇಳುವುದು ಅದನ್ನೇ ತಾನೆ?

ದೀಪಾ ತಾಯಿಯ ಕೈ ಹಿಡಿದುಕೊಂಡಳು. "ಇಲ್ಲಬೇ. ನಿನಗ ಉಪಯೋಗ ಆಗಂಗಿಲ್ಲ. ಮುಂದ ಯಾರಿಗರೆ ಆದೀತು. ಅದೂ ಖಾತ್ರಿ ಇಲ್ಲ."

ಅಕ್ಕ ಎದ್ದು ಪಡಸಾಲೆಗೆ ಬಂದು ತೋಳು ಚಾಚಿದಳು. "ತಗೋಪಾ ರಫೀಕ್. ಅಕಿ ಸುಳ್ಳ ಹೇಳಿದ್ದರ ಕೊಡತಿರಲಿಲ್ಲ."

ಅವತ್ತೇ ದೀಪಾ ಹೊರಟಾಗ ಇನ್ನೊಂದು ಗಲಾಟೆ. ಮನೆಯ ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದಲ್ಲ? ರಕ್ತದ ನಳಿಗೆಗಳಿದ್ದ ಥರ್ಮೋಕೋಲ್ ಡಬ್ಬಿಯಲ್ಲಿ ಜಾಗ ಕಂಡ ಅಕ್ಕ, ಅದರಲ್ಲಿ ಶೇಂಗಾ ಹೋಳಿಗೆ ತುರುಕಿದ್ದಳು! (ನಳಿಗೆಗಳ ಬಿರಡೆ ಬಿಗಿಯಾಗಿತ್ತು, ಪುಣ್ಯ.)

"ಅವ್ವಾ, ರಕ್ತದ ಡಬ್ಬ್ಯಾಗ ಹೋಳಿಗಿ ಇಡ್ತಾರೇನ?"

"ರಕ್ತಾನೂ ನಂದ, ಹೋಳಿಗಿನೂ ನಂದ. ನಿನಗ್ಯಾಕ ಹೇಸಿಗಿ?"

ತಿಂಗಳುಗಳು ಕಳೆದವು. ಹೋದ ವಾರ ಅಕ್ಕ ವಿಜಯಪುರಕ್ಕೆ, ಸ್ಟೇಷನ್ ರಸ್ತೆಯ ನಮ್ಮ ಮನೆಗೆ ಬಂದಿದ್ದಾಗ ದೀಪಾಳ ವಿಡಿಯೋ ಕಾಲ್. ಅಕ್ಕನ ರಕ್ತದಿಂದ ಬೆಳೆದ ನರಕೋಶಗಳನ್ನು ತೋರಿಸಿದಳು. ಒಂದಕ್ಕೊಂದು ಸಂದೇಶ ಮುಟ್ಟಿಸಿದಾಗಲೆಲ್ಲ, ಅವಳು ಹಾಕಿದ್ದ ಹೊಳೆಯುವ ಬಣ್ಣದಿಂದ ಅವು ಮಿಣಕ್ ಮಿಣಕ್ ಅನ್ನುತ್ತಿದ್ದವು. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಇವಕ್ಕ ಉಣ್ಣಾಕ ಯಾರ ಹಾಕ್ತಾರ?"

"ನಾನಬೇ, ದಿನ ಬಿಟ್ಟು ದಿನ."

"ಐತವಾರ ಸೂಟಿ ಇಲ್ಲೇನ?"

"ಐತವಾರನೂ ತಪ್ಪಸಂಗಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು: "ನೋಡಿದೇನ? ನನ್ನ ನಾಕ ಹನಿ ರಕ್ತಕ್ಕ ಇಷ್ಟ ಜ್ವಾಕಿ. ನನಗ ಮಾತ್ರ ವಾರಕ್ಕೊಂದ ಫೋನ್!"